ಹಳೆಯ ಲಾರಿ, ಪಿಕಪ್‌ಗಳ ಎಲೆಕ್ಟ್ರಿಕ್ ರೇಡಿಯೇಟರ್ ಫ್ಯಾನ್: ದೋಷ ಪತ್ತೆ ಮತ್ತು ನಿವಾರಣೆ

ಟೊಮೆಟೊ ಸುಗ್ಗಿಯಲ್ಲಿ ಕೋಲಾರದ ಎಪಿಎಂಸಿ ಗೇಟಿನ ಮುಂದೆ ಲೋಡಾದ ಗಾಡಿಗಳು ಗಂಟೆಗಟ್ಟಲೆ ಸಾಲು ನಿಲ್ಲುತ್ತವೆ. ಎಂಜಿನ್ ಓಡುತ್ತಲೇ ಇರುತ್ತದೆ, ಗಾಡಿ ಮಾತ್ರ ಮಾರುದ್ದ ಸರಿದು ಮತ್ತೆ ನಿಲ್ಲುತ್ತದೆ. ಹಳೆಯ ಪಿಕಪ್‌ಗಳು ಕುದಿಯುವುದು ಹೆಚ್ಚಾಗಿ ಇಂಥ ಸಾಲಿನಲ್ಲೇ. ಬೆಲ್ಟಿನಿಂದ ತಿರುಗುವ ಮೂಲ ಫ್ಯಾನನ್ನು ತೆಗೆದು, ಅಥವಾ ಅದರ ಜೊತೆಗೆ, ಎಲೆಕ್ಟ್ರಿಕ್ ಫ್ಯಾನ್ ಹಾಕಿಸಿಕೊಳ್ಳುವ ರೂಢಿ ನಮ್ಮ ಕಡೆ ಬೆಳೆದಿರುವುದಕ್ಕೆ ಕಾರಣವೂ ಇದೇ. ಆದರೆ ಹಾಕಿಸಿದ ಕೆಲವೇ ತಿಂಗಳಲ್ಲಿ ಫ್ಯಾನ್ ನಿಲ್ಲುತ್ತದೆ, ರಿಲೇ (ಸಣ್ಣ ಕರೆಂಟಿನಿಂದ ಫ್ಯಾನಿನ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಸ್ವಿಚ್) ಕರಗುತ್ತದೆ, ಇಲ್ಲವೇ ಫ್ಯಾನ್ ತಿರುಗುತ್ತಿದ್ದರೂ ಎಂಜಿನ್ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆಯತ್ತ ಏರುತ್ತದೆ. ಆಗ ಮಾಲೀಕರು ಇನ್ನೊಂದು ಫ್ಯಾನ್ ಖರೀದಿಸುತ್ತಾರೆ, ಅದೂ ಅದೇ ಗತಿ ಕಾಣುತ್ತದೆ.

ಈ ಬರಹದ ಒಟ್ಟು ಹೇಳಿಕೆ ಒಂದೇ. ಫ್ಯಾನ್ ಕೆಟ್ಟಿದೆ ಎಂದು ತೀರ್ಮಾನಿಸುವ ಮೊದಲು, ಫ್ಯಾನ್ ಓಡುತ್ತಿರುವಾಗಲೇ ಅದರ ಎರಡು ತಂತಿಗಳ ಮೇಲೆ ಮೀಟರ್ ಇಟ್ಟು ಎಷ್ಟು ವೋಲ್ಟೇಜ್ ತಲುಪುತ್ತಿದೆ ಎಂದು ನೋಡಬೇಕು. ಈ ಒಂದು ಅಳತೆಯನ್ನು ಬಿಟ್ಟು ಮಾಡುವ ಬದಲಾವಣೆಗಳೆಲ್ಲ ಊಹೆಯ ಮೇಲೆ ನಿಂತಿರುತ್ತವೆ, ಮತ್ತು ಊಹೆಯ ಖರ್ಚು ಬೀಳುವುದು ಮಾಲೀಕನ ಜೇಬಿಗೆ.

ಕೆಲಸಕ್ಕೆ ಬೇಕಾಗುವ ಸಾಮಾನು ಹೆಚ್ಚೇನಿಲ್ಲ. ಒಂದು ಮಲ್ಟಿಮೀಟರ್, ಡಿಸಿ ಅಳೆಯಬಲ್ಲ ಒಂದು ಕ್ಲಾಂಪ್ ಮೀಟರ್ (ತಂತಿಯನ್ನು ಕಡಿಯದೆ ಸುತ್ತ ಹಿಡಿದು ಆಂಪಿಯರ್ ಓದುವ ಮೀಟರ್), ಎರಡು ತಂತಿ ಬೆಸೆದ ಹಳೆಯ ಹೆಡ್‌ಲೈಟ್ ಬಲ್ಬು ಮತ್ತು ಒಂದು ಥರ್ಮಾಮೀಟರ್ ಇದ್ದರೆ ಸಾಕು. ಬಿಸಿ ರೇಡಿಯೇಟರಿನ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಬಾರದು. ಕೀ ಆಫ್ ಇದ್ದರೂ ಕೆಲವು ವೈರಿಂಗ್‌ಗಳಲ್ಲಿ ಫ್ಯಾನ್ ತಾನಾಗಿಯೇ ತಿರುಗಲು ಶುರುಮಾಡುತ್ತದೆ. ಆದ್ದರಿಂದ ಬ್ಲೇಡುಗಳ ಬಳಿ ಕೈ ಹಾಕುವ ಮೊದಲು ಬ್ಯಾಟರಿಯ ನೆಗೆಟಿವ್ ಕೇಬಲ್ ಬಿಚ್ಚುವುದು ಕಡ್ಡಾಯ.

ತಪ್ಪು ಫ್ಯಾನಿನದೇ ಎಂದು ಮೊದಲು ತಿಳಿಯುವುದು

ಗಾಡಿ ಯಾವಾಗ ಬಿಸಿಯಾಗುತ್ತದೆ ಎಂಬುದನ್ನು ಚಾಲಕನಿಂದ ವಿವರವಾಗಿ ಕೇಳಿ ತಿಳಿಯಬೇಕು. ಗಂಟೆಗೆ ಐವತ್ತು ಅರವತ್ತು ಕಿಲೋಮೀಟರ್ ವೇಗದಲ್ಲಿ ಓಡುವಾಗ ಎದುರುಗಾಳಿಯೇ ರೇಡಿಯೇಟರಿಗೆ ಬೇಕಾದ ಗಾಳಿಯ ಬಹುಪಾಲನ್ನು ಕೊಡುತ್ತದೆ. ಹಾಗಾಗಿ ತುಮಕೂರಿನಿಂದ ಶಿರಾ ಕಡೆಗೆ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಮುಳ್ಳು ಏರುತ್ತಿದ್ದರೆ ದೋಷ ಬಹುತೇಕ ಫ್ಯಾನಿನದಲ್ಲ. ರೇಡಿಯೇಟರ್ ಒಳಗೆ ಕಟ್ಟಿಕೊಂಡಿರಬಹುದು, ಎಂಜಿನ್ ಬಿಸಿಯಾದಾಗ ನೀರನ್ನು ರೇಡಿಯೇಟರಿಗೆ ಬಿಡುವ ಥರ್ಮೋಸ್ಟಾಟ್ ವಾಲ್ವ್ ಪೂರ್ತಿ ತೆರೆಯದಿರಬಹುದು, ವಾಟರ್ ಪಂಪಿನ ರೆಕ್ಕೆಗಳು ಸವೆದಿರಬಹುದು, ಎಂಜಿನ್ ಬ್ಲಾಕಿಗೂ ಹೆಡ್ಡಿಗೂ ನಡುವಿನ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಓಡುವಾಗ ಸರಿಯಿದ್ದು, ಸಿಗ್ನಲ್ಲಿನಲ್ಲಿ, ಟೋಲ್ ಸಾಲಿನಲ್ಲಿ, ಮಂಡಿಯ ಒಳಗೆ ಮಾತ್ರ ಬಿಸಿಯಾದರೆ ಗಾಳಿಯ ಕೊರತೆ ಎಂದು ಹಿಡಿಯಬಹುದು. ಚಿತ್ತೂರಿನಿಂದ ಪಲಮನೇರಿನತ್ತ ಬರುವಾಗ ಸಿಗುವ ಮೊಗಿಲಿ ಘಾಟಿಯಂಥ ಏರಿನಲ್ಲಿ, ಭಾರ ಹೊತ್ತು ಎರಡನೇ ಗೇರಿನಲ್ಲಿ ಹತ್ತುವಾಗ ಮಾತ್ರ ಬಿಸಿಯಾದರೆ ಎರಡೂ ಸಾಧ್ಯ: ಅಲ್ಲಿ ಎಂಜಿನ್ ಹುಟ್ಟಿಸುವ ಶಾಖವೂ ಗರಿಷ್ಠ, ಎದುರುಗಾಳಿಯೂ ಕನಿಷ್ಠ.

ರೇಡಿಯೇಟರಿನ ಮುಚ್ಚಳವನ್ನು ಇಲ್ಲಿ ವಿಶೇಷವಾಗಿ ಪರೀಕ್ಷಿಸಬೇಕು, ಏಕೆಂದರೆ ನಮ್ಮ ಎತ್ತರ ಅದರ ಮಹತ್ವವನ್ನು ಹೆಚ್ಚಿಸುತ್ತದೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲಿವೆ. ಈ ಎತ್ತರದಲ್ಲಿ ತೆರೆದ ಪಾತ್ರೆಯ ನೀರು 100 ಡಿಗ್ರಿಗಲ್ಲ, ಸುಮಾರು 97 ಡಿಗ್ರಿಗೇ ಕುದಿಯುತ್ತದೆ. 0.9 ಬಾರ್ ಒತ್ತಡ ಹಿಡಿಯುವ ಮುಚ್ಚಳ ಸರಿಯಾಗಿದ್ದರೆ ಅದೇ ನೀರು ಸುಮಾರು 117 ಡಿಗ್ರಿಯವರೆಗೆ ಕುದಿಯದೆ ತಡೆಯುತ್ತದೆ. ಮುಚ್ಚಳದ ರಬ್ಬರ್ ಒಡೆದು ಒತ್ತಡ ನಿಲ್ಲದಿದ್ದರೆ, 95 ಡಿಗ್ರಿಗೆ ಫ್ಯಾನ್ ಶುರುವಾಗುವ ಸ್ವಿಚ್ ಇರುವ ಗಾಡಿಯಲ್ಲಿ ಫ್ಯಾನ್ ತಿರುಗಲು ತೊಡಗಿದ ಕ್ಷಣಕ್ಕೂ ನೀರು ಕುದಿಯುವ ಕ್ಷಣಕ್ಕೂ ಅಂತರವೇ ಉಳಿಯುವುದಿಲ್ಲ. ಫ್ಯಾನ್ ತಡವಾಗಿ ಬರುತ್ತಿದೆ ಎಂಬ ದೂರಿನ ಹಿಂದೆ ಕೆಲವೊಮ್ಮೆ ಇರುವುದು ಇಷ್ಟೇ.

ಇನ್ನೆರಡು ಸ್ಥಳೀಯ ಕಾರಣಗಳನ್ನು ಕಡೆಗಣಿಸಬಾರದು. ಮೊದಲನೆಯದು ಬೋರ್‌ವೆಲ್ ನೀರು. ಈ ಭಾಗದ ಆಳದ ಕೊಳವೆಬಾವಿಗಳ ಗಡಸು ನೀರನ್ನು ವರ್ಷಗಟ್ಟಲೆ ತುಂಬಿಸಿದ ರೇಡಿಯೇಟರಿನ ಕೊಳವೆಗಳಲ್ಲಿ, ಮನೆಯ ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟುವಂಥದೇ ಬಿಳಿ ಪದರ ಕಟ್ಟಿಕೊಂಡು ಶಾಖ ಹೊರಬರದಂತೆ ತಡೆಯುತ್ತದೆ. ಶುದ್ಧೀಕರಿಸಿದ ಡಿಸ್ಟಿಲ್ಡ್ ನೀರಿಗೆ ಕೂಲೆಂಟ್ ಬೆರೆಸಿ ಹಾಕುವುದು ದುಬಾರಿಯೆನಿಸಿದರೂ ರೇಡಿಯೇಟರಿನ ಬೆಲೆಯ ಮುಂದೆ ಅದು ಏನೂ ಅಲ್ಲ. ಎರಡನೆಯದು ಒಕ್ಕಣೆಯ ಹೊಟ್ಟು. ರಾಗಿ, ಹುರುಳಿಯನ್ನು ರಸ್ತೆಯ ಮೇಲೆ ಹರಡಿ ವಾಹನಗಳ ಚಕ್ರದಡಿ ಒಕ್ಕುವ ತಿಂಗಳುಗಳಲ್ಲಿ, ಸಣ್ಣ ಹೊಟ್ಟು ಮತ್ತು ತಾಳು ರೇಡಿಯೇಟರಿನ ಜಾಲರಿಯೊಳಗೆ ತುಂಬಿಕೊಂಡು, ಮೇಲಿನಿಂದ ನೋಡಿದಾಗ ಸ್ವಚ್ಛವಾಗಿ ಕಂಡರೂ ಒಳಗೆ ಕಂಬಳಿ ಹೊದಿಸಿದಂತಾಗಿರುತ್ತದೆ. ಹಿಂಬದಿ ಒಂದು ಬಲ್ಬು ಹಚ್ಚಿ ಮುಂದಿನಿಂದ ನೋಡಿದರೆ ಬೆಳಕು ಎಲ್ಲಿ ಬರುವುದಿಲ್ಲವೋ ಅಲ್ಲಿ ಗಾಳಿಯೂ ಬರುವುದಿಲ್ಲ. ಎಂಜಿನ್ ಬದಿಯಿಂದ ಹೊರಮುಖವಾಗಿ, ಕಡಿಮೆ ಒತ್ತಡದ ನೀರಿನಿಂದ ತೊಳೆಯಬೇಕು. ವಾಟರ್ ಸರ್ವೀಸಿನ ಜೋರು ಧಾರೆ ಹತ್ತಿರದಿಂದ ಬಿದ್ದರೆ ತೆಳು ರೆಕ್ಕೆಗಳು ಮಡಚಿ ಶಾಶ್ವತವಾಗಿ ಮುಚ್ಚಿಹೋಗುತ್ತವೆ.

ಫ್ಯಾನ್ ತಿರುಗುವುದೇ ಇಲ್ಲ

ಇದು ನಿಜಕ್ಕೂ ಸುಲಭದ ದೋಷ. ಎಂಜಿನ್ ಬಿಸಿಯಿದ್ದು ಕೀ ಆನ್ ಇರುವಾಗ ಥರ್ಮೋ ಸ್ವಿಚ್ಚಿನ (ನೀರು ನಿಗದಿತ ಬಿಸಿ ಮುಟ್ಟಿದಾಗ ಫ್ಯಾನ್ ಆನ್ ಮಾಡುವ ಸ್ವಿಚ್ಚಿನ) ತಂತಿಯನ್ನು ಬಿಚ್ಚಿ ನೇರವಾಗಿ ಎಂಜಿನ್ ಬಾಡಿಗೆ ಮುಟ್ಟಿಸಬೇಕು (ಎರಡು ತಂತಿಯ ಸ್ವಿಚ್ ಆದರೆ ಎರಡನ್ನೂ ಸೇರಿಸಬೇಕು). ರಿಲೇ ಟಕ್ ಎಂದು ಫ್ಯಾನ್ ತಿರುಗಿದರೆ ಮೋಟಾರು, ಫ್ಯೂಸು, ರಿಲೇ ಎಲ್ಲವೂ ಕೆಲಸ ಮಾಡುತ್ತಿವೆ ಎಂದಾಯಿತು, ದೋಷ ಸ್ವಿಚ್ಚಿನಲ್ಲಿದೆ. ಟಕ್ ಶಬ್ದ ಬಂದು ಫ್ಯಾನ್ ತಿರುಗದಿದ್ದರೆ ದೋಷ ರಿಲೇಯ ಕಾಂಟ್ಯಾಕ್ಟಿನಿಂದ ಮೋಟಾರಿನವರೆಗಿನ ದಪ್ಪ ತಂತಿಯ ದಾರಿಯಲ್ಲಿ. ಶಬ್ದವೇ ಬರದಿದ್ದರೆ ರಿಲೇಯನ್ನು ಎಳೆಯುವ ಅದರೊಳಗಿನ ಕಾಯಿಲ್‌ಗೆ ಹೋಗುವ ಸಣ್ಣ ತಂತಿಯ ದಾರಿಯಲ್ಲಿ, ಅಂದರೆ ರಿಲೇಯ 85 ಮತ್ತು 86ನೇ ಕಾಲುಗಳ ಕಡೆ ಹುಡುಕಬೇಕು.

ಸ್ವಿಚ್ಚಿನ ಮೇಲೆ ಅನುಮಾನ ಬಂದಾಗ ಅದನ್ನು ಬಿಚ್ಚಿ ನೀರಿನಲ್ಲಿ ಕಾಯಿಸಿ ನೋಡುವುದು ಹಳೆಯ ಕ್ರಮ, ಒಳ್ಳೆಯ ಕ್ರಮವೂ ಹೌದು. ಆದರೆ ಮೇಲೆ ಹೇಳಿದ ಕುದಿಬಿಂದುವನ್ನು ಇಲ್ಲೂ ನೆನಪಿಡಬೇಕು. 92 ಡಿಗ್ರಿಗೆ ಆನ್ ಆಗುವ ಸ್ವಿಚ್ಚನ್ನು ನಮ್ಮೂರಿನ ಪಾತ್ರೆಯಲ್ಲಿ ಪರೀಕ್ಷಿಸಬಹುದು, 98 ಅಥವಾ 100 ಡಿಗ್ರಿಯ ಸ್ವಿಚ್ಚನ್ನು ಎಷ್ಟು ಹೊತ್ತು ಕುದಿಸಿದರೂ ಅದು ಆನ್ ಆಗುವುದಿಲ್ಲ, ಏಕೆಂದರೆ ನೀರು ಆ ಬಿಸಿಯನ್ನು ಮುಟ್ಟುವುದೇ ಇಲ್ಲ. ಚೆನ್ನಾಗಿರುವ ಸ್ವಿಚ್ಚನ್ನು ಕೆಟ್ಟಿದೆ ಎಂದು ಎಸೆಯುವುದಕ್ಕೆ ಇದೊಂದು ಕಾರಣವಾಗುತ್ತದೆ.

ಒಂಟಿ ತಂತಿಯ ಸ್ವಿಚ್ಚುಗಳಲ್ಲಿ ಇನ್ನೊಂದು ತೊಡಕಿದೆ. ಅಂಥ ಸ್ವಿಚ್ ತನ್ನ ಮರೆಯ (ಸ್ಕ್ರೂ ಸುತ್ತುಗಳ) ಮೂಲಕವೇ ಅರ್ತ್, ಅಂದರೆ ಬ್ಯಾಟರಿಯ ನೆಗೆಟಿವಿಗೆ ಮರಳುವ ದಾರಿ, ಪಡೆಯುತ್ತದೆ. ನೀರು ಸೋರದಿರಲೆಂದು ಮರೆಗೆ ಟೆಫ್ಲಾನ್ ಟೇಪನ್ನು ನಾಲ್ಕೈದು ಸುತ್ತು ಸುತ್ತಿ ಕೂರಿಸಿದರೆ ಅರ್ತ್ ಕಡಿದುಹೋಗುತ್ತದೆ ಇಲ್ಲವೇ ದುರ್ಬಲವಾಗುತ್ತದೆ. ತಾಮ್ರದ ವಾಷರ್ ಇರುವ ಸ್ವಿಚ್ಚಿಗೆ ಟೇಪಿನ ಅಗತ್ಯವೇ ಇಲ್ಲ. ಹಾಗೆಯೇ, ನೀರಿನ ಮಟ್ಟ ಇಳಿದು ಸ್ವಿಚ್ಚಿನ ತುದಿ ಗಾಳಿಯಲ್ಲಿ ನಿಂತರೆ ಎಂಜಿನ್ ಕುದಿಯುತ್ತಿದ್ದರೂ ಸ್ವಿಚ್ಚಿಗೆ ಅದು ತಿಳಿಯುವುದಿಲ್ಲ. ಹೋಸ್ ಬದಲಿಸಿದ ಮರುದಿನವೇ ಫ್ಯಾನ್ ಬರುತ್ತಿಲ್ಲ ಎಂಬ ದೂರು ಬಂದರೆ ಒಳಗೆ ಗಾಳಿ ಸಿಕ್ಕಿಕೊಂಡಿದೆ ಎಂದೇ ಮೊದಲು ಭಾವಿಸಿ, ಮುಚ್ಚಳ ತೆಗೆದ ತಣ್ಣಗಿನ ಎಂಜಿನ್ನನ್ನು ಓಡಿಸಿ, ಹೀಟರ್ ಇದ್ದರೆ ಅದರ ವಾಲ್ವ್ ತೆರೆದಿಟ್ಟು, ಗುಳ್ಳೆಗಳು ನಿಲ್ಲುವವರೆಗೆ ನೀರು ತುಂಬಿಸಬೇಕು.

ಮೋಟಾರಿನ ತುದಿಯಲ್ಲಿ ಪೂರ್ತಿ ವೋಲ್ಟೇಜ್ ಇದ್ದೂ ಕ್ಲಾಂಪ್ ಮೀಟರಿನಲ್ಲಿ ಆಂಪಿಯರ್ ಸೊನ್ನೆ ತೋರಿದರೆ ಒಳಗಿನ ಕಾರ್ಬನ್ ಬ್ರಷ್ ಸವೆದಿದೆ. ಮೋಟಾರಿನ ಬೆನ್ನಿಗೆ ಸ್ಪ್ಯಾನರ್ ಹಿಡಿಯಿಂದ ಮೆಲ್ಲಗೆ ತಟ್ಟಿದಾಗ ತಿರುಗಲು ಶುರುವಾದರೆ ಅದು ಖಚಿತ. ಹಾಗೆ ತಟ್ಟಿ ಎಬ್ಬಿಸಿದ ಫ್ಯಾನನ್ನು ನಂಬಿ ಚೆನ್ನೈಗೆ ಲೋಡು ಹೊರಡಿಸಬಾರದು.

ತಿರುಗುತ್ತದೆ, ಆದರೆ ಗಾಳಿ ಸಾಲದು

ಹೆಚ್ಚು ಹಣ ವ್ಯರ್ಥವಾಗುವುದು ಈ ದೋಷದಲ್ಲೇ, ಏಕೆಂದರೆ ತಿರುಗುತ್ತಿರುವ ಫ್ಯಾನನ್ನು ಕಂಡವರು ವೈರಿಂಗನ್ನು ಅನುಮಾನಿಸುವುದಿಲ್ಲ.

ಮೊದಲಿಗೆ ದಿಕ್ಕು. ಈ ಮೋಟಾರುಗಳಲ್ಲಿ ಶಾಶ್ವತ ಅಯಸ್ಕಾಂತ ಇರುವುದರಿಂದ ಪ್ಲಸ್ ಮತ್ತು ಮೈನಸ್ ಅದಲುಬದಲಾದರೆ ಫ್ಯಾನ್ ಉಲ್ಟಾ ತಿರುಗುತ್ತದೆ. ಉಲ್ಟಾ ತಿರುಗಿದರೂ ಒಂದಿಷ್ಟು ಗಾಳಿ ಬರುತ್ತದೆ, ಶಬ್ದವೂ ಬರುತ್ತದೆ, ಆದ್ದರಿಂದ ಮೇಲ್ನೋಟಕ್ಕೆ ತಿಳಿಯುವುದಿಲ್ಲ. ಎಂಜಿನ್ ನಿಲ್ಲಿಸಿ ಫ್ಯಾನ್ ಮಾತ್ರ ಓಡಿಸಿ ಗ್ರಿಲ್ಲಿನ ಮುಂದೆ ಒಂದು ಹಾಳೆ ಹಿಡಿಯಬೇಕು. ಹಾಳೆ ರೇಡಿಯೇಟರಿನತ್ತ ಎಳೆದುಕೊಂಡು ಅಂಟಬೇಕು. ಹೊರಕ್ಕೆ ತಳ್ಳುತ್ತಿದ್ದರೆ ಗಾಡಿ ಓಡುವಾಗ ಎದುರುಗಾಳಿಗೂ ಫ್ಯಾನಿಗೂ ಜಗಳವೇ ಆಗುತ್ತಿರುತ್ತದೆ. ತಂತಿ ಬದಲಿಸಿದರೆ ಸಾಲದು, ಬ್ಲೇಡಿನ ಬಾಗು ಯಾವ ದಿಕ್ಕಿಗೆ ತಯಾರಾಗಿದೆ ಎಂಬುದನ್ನೂ ನೋಡಬೇಕು. ರೇಡಿಯೇಟರಿನ ಹಿಂದೆ ನಿಂತು ಎಳೆಯಲೆಂದು ಮಾಡಿದ ಫ್ಯಾನನ್ನು ಮುಂದೆ ಕೂರಿಸಿ ತಂತಿ ಬದಲಿಸಿ ತಳ್ಳಿಸುವುದು ಕೆಲಸಕ್ಕೆ ಬಾರದ ಉಪಾಯ.

ಮುಂದಿನದು ವೋಲ್ಟೇಜ್ ಇಳಿತ, ಮತ್ತು ಇದೇ ವಿಷಯದ ತಿರುಳು. ಕೋಲಾರದಿಂದ ಟೊಮೆಟೊ ಸಾಗಿಸುವ 12 ವೋಲ್ಟಿನ ಒಂದು ಪಿಕಪ್‌ನಲ್ಲಿ ಎರಡನೇ ಸಲ ಹೊಸ ಫ್ಯಾನ್ ಹಾಕಿಸಿದ ಮೇಲೂ ಗಾಡಿ ಸಾಲಿನಲ್ಲಿ ಕುದಿಯುತ್ತಿತ್ತು. ಎಂಜಿನ್ ಓಡುವಾಗ ಬ್ಯಾಟರಿಯ ಮೇಲೆ 13.6 ವೋಲ್ಟ್ ಇತ್ತು, ಫ್ಯಾನಿನ ಎರಡು ತಂತಿಗಳ ನಡುವೆ ಇದ್ದದ್ದು 10.4 ಮಾತ್ರ. ಹಾಗಾದರೆ 3.2 ವೋಲ್ಟ್ ದಾರಿಯಲ್ಲೆಲ್ಲೋ ಸೋರುತ್ತಿತ್ತು. ಫ್ಯಾನ್ ಓಡುತ್ತಿರುವಂತೆಯೇ ದಾರಿಯ ಒಂದೊಂದು ತುಂಡಿನ ಎರಡು ಕೊನೆಗಳಿಗೆ ಮೀಟರಿನ ಕಡ್ಡಿಗಳನ್ನು ಇಟ್ಟು ನೋಡಿದಾಗ ಲೆಕ್ಕ ತೆರೆದುಕೊಂಡಿತು: ಬ್ಯಾಟರಿಯಿಂದ ರಿಲೇಗೆ, ಅಲ್ಲಿಂದ ಮೋಟಾರಿಗೆ ಹೋಗುವ 1.5 ಚದರ ಮಿಲಿಮೀಟರಿನ ತೆಳು ತಂತಿಯಲ್ಲಿ 0.75, ಫ್ಯೂಸ್ ಹೋಲ್ಡರಿನಲ್ಲಿ 0.3, ರಿಲೇಯ 30 ಮತ್ತು 87ನೇ ಕಾಲುಗಳ (ಫ್ಯಾನಿನ ಕರೆಂಟ್ ಒಳಬಂದು ಹೊರಹೋಗುವ ಕಾಲುಗಳ) ನಡುವೆ 0.4. ಉಳಿದ 1.75 ವೋಲ್ಟ್ ಕಾಣಿಸಿದ್ದು ಮೋಟಾರಿನ ನೆಗೆಟಿವ್ ತಂತಿಗೂ ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ನಡುವೆ, ಅಂದರೆ ಅರ್ತಿನಲ್ಲಿ.

ಅರ್ತ್ ತಂತಿಯ ಲಗ್ಗನ್ನು (ಬೋಲ್ಟಿಗೆ ಬಿಗಿಯುವ ತುದಿಯ ಉಂಗುರವನ್ನು) ರೇಡಿಯೇಟರ್ ಫ್ರೇಮಿನ ಒಂದು ಬೋಲ್ಟಿಗೆ, ಬಣ್ಣದ ಮೇಲೆಯೇ ಬಿಗಿದಿದ್ದರು. ಲಗ್ಗನ್ನು ಎತ್ತಿ ನೋಡಿದರೆ ಕೆಳಗಿನ ಕಪ್ಪು ಬಣ್ಣ ಹಾಗೇ ಇತ್ತು, ಬೋಲ್ಟಿನ ಅಂಚು ಕೆರೆದ ಉಗುರಗಲದ ಜಾಗದಲ್ಲಿ ಮಾತ್ರ ಲೋಹ ಹೊಳೆಯುತ್ತಿತ್ತು, ಸುತ್ತ ಹಸಿರು ಕಿಲುಬು. ರೇಡಿಯೇಟರ್ ಕೂತಿದ್ದದ್ದು ರಬ್ಬರ್ ಪ್ಯಾಡುಗಳ ಮೇಲೆ. ಹಾಗಾಗಿ ಅಷ್ಟೂ ಕರೆಂಟ್ ಚಾಸಿಗೆ ಮರಳಲು ಇದ್ದ ಗಟ್ಟಿ ದಾರಿ ಮೇಲಿನ ಸ್ಟೇ ರಾಡಿನ ತುಕ್ಕು ಹಿಡಿದ ಬೋಲ್ಟೊಂದೇ. ಫ್ಯಾನಿನ ನೆಗೆಟಿವ್ ತಂತಿಯನ್ನು 6 ಚದರ ಮಿಲಿಮೀಟರಿನ ಬೇರೆ ಕೇಬಲ್ಲಿನಿಂದ ನೇರವಾಗಿ ಬ್ಯಾಟರಿಯ ನೆಗೆಟಿವಿಗೇ ಒಯ್ದು, ಪಾಸಿಟಿವ್ ದಾರಿಯನ್ನೂ ಅದೇ ದಪ್ಪಕ್ಕೆ ಏರಿಸಿ, ರಿಲೇ ಬದಲಿಸಿದ ಮೇಲೆ ಮೋಟಾರಿನ ತುದಿಯಲ್ಲಿ 13 ವೋಲ್ಟ್ ಸಿಕ್ಕಿತು. ಫ್ಯಾನ್ ಅದೇ ಫ್ಯಾನ್.

ಮೂರು ವೋಲ್ಟಿನಿಂದ ಇಷ್ಟೊಂದು ವ್ಯತ್ಯಾಸವೇ ಎಂದು ಕೇಳುವವರಿದ್ದಾರೆ. ಮೋಟಾರಿನ ವೇಗ ಸುಮಾರಾಗಿ ವೋಲ್ಟೇಜಿನ ಜೊತೆಗೇ ಇಳಿಯುತ್ತದೆ. ಗಾಳಿಯ ಪ್ರಮಾಣ ವೇಗದಷ್ಟೇ ಇಳಿದರೂ, ಜಾಲರಿಯ ಮೂಲಕ ಗಾಳಿಯನ್ನು ಎಳೆಯುವ ಒತ್ತಡ ವೇಗದ ವರ್ಗದ ಪ್ರಮಾಣದಲ್ಲಿಯೂ ಗಾಳಿಗೆ ಸಿಗುವ ಶಕ್ತಿ ಘನದ ಪ್ರಮಾಣದಲ್ಲಿಯೂ ಇಳಿಯುತ್ತದೆ. ವೇಗ ಐದರಲ್ಲೊಂದು ಭಾಗ ಕಡಿಮೆಯಾದರೆ ಶಕ್ತಿ ಅರ್ಧಕ್ಕೆ ಬರುತ್ತದೆ. ಹೊಟ್ಟು, ಧೂಳು ತುಂಬಿದ ಹಳೆಯ ರೇಡಿಯೇಟರಿನಲ್ಲಿ ಬೇಕಾಗಿರುವುದು ಆ ಎಳೆಯುವ ಒತ್ತಡವೇ.

ಅಳತೆ ಮಾಡುವಾಗ ಒಂದು ಎಚ್ಚರಿಕೆ ಅತ್ಯಗತ್ಯ. ಫ್ಯಾನಿನ ಪ್ಲಗ್ಗನ್ನು ಬಿಚ್ಚಿ ಖಾಲಿ ತಂತಿಯ ಮೇಲೆ ಮೀಟರ್ ಇಟ್ಟರೆ ಅದು ಯಾವಾಗಲೂ 12 ಅಥವಾ 13 ತೋರಿಸುತ್ತದೆ, ತಂತಿಯಲ್ಲಿ ಒಂದೇ ಎಳೆ ಉಳಿದಿದ್ದರೂ ಸಹ. ಕರೆಂಟ್ ಹರಿಯದಿದ್ದಾಗ ಇಳಿತವಿರುವುದಿಲ್ಲ. ಫ್ಯಾನನ್ನೇ ಓಡಿಸಿ ಅಳೆಯುವುದು ಉತ್ತಮ. ಫ್ಯಾನ್ ಕೆಟ್ಟಿದ್ದರೆ ಅದರ ಜಾಗದಲ್ಲಿ ಹೆಡ್‌ಲೈಟ್ ಬಲ್ಬನ್ನು ಕೊಟ್ಟು ನೋಡಬೇಕು. 12 ವೋಲ್ಟಿನ 60 ವ್ಯಾಟ್ ಬಲ್ಬು ಸುಮಾರು 5 ಆಂಪಿಯರ್ ಎಳೆಯುವುದರಿಂದ ಕೆಟ್ಟ ಜೋಡಣೆ ಇದ್ದರೆ ಬಲ್ಬು ಮಂಕಾಗಿ ಕಾಣುತ್ತದೆ. ನನ್ನ ಲೆಕ್ಕದಲ್ಲಿ, ಫ್ಯಾನ್ ಓಡುವಾಗ ಪಾಸಿಟಿವ್ ದಾರಿ ಮತ್ತು ಅರ್ತ್ ದಾರಿ ಸೇರಿ ಒಟ್ಟು ಅರ್ಧ ವೋಲ್ಟಿನ ಸುತ್ತಮುತ್ತ ಇಳಿತವಿದ್ದರೆ ಒಪ್ಪಬಹುದು, ಒಂದು ವೋಲ್ಟ್ ದಾಟಿದರೆ ಕೆಲಸ ಮತ್ತೆ ಮಾಡಬೇಕು.

ಆಂಪಿಯರನ್ನೂ ಜೊತೆಗೆ ಓದಿಕೊಂಡರೆ ಚಿತ್ರ ಸ್ಪಷ್ಟವಾಗುತ್ತದೆ. ವೋಲ್ಟೇಜೂ ಆಂಪಿಯರೂ ಎರಡೂ ಕಡಿಮೆಯಿದ್ದರೆ ವೈರಿಂಗ್ ದೋಷ. ವೋಲ್ಟೇಜ್ ಸರಿಯಿದ್ದು ಆಂಪಿಯರ್ ಫ್ಯಾನಿನ ಮೇಲೆ ಬರೆದದ್ದಕ್ಕಿಂತ ಬಹಳ ಹೆಚ್ಚಿದ್ದರೆ ಮೋಟಾರಿನ ದಂಡ ತಿರುಗುವ ಬುಷ್ ಹಿಡಿಯುತ್ತಿದೆ ಅಥವಾ ಬ್ಲೇಡು ಕವಚಕ್ಕೆ ಉಜ್ಜುತ್ತಿದೆ.

ಅರ್ತ್ ಕೆಟ್ಟಿರುವ ಗಾಡಿಯಲ್ಲಿ ಇನ್ನೊಂದು ಹಾನಿ ಸದ್ದಿಲ್ಲದೆ ನಡೆಯುತ್ತಿರಬಹುದು. ಫ್ಯಾನಿನ ಕರೆಂಟ್ ರೇಡಿಯೇಟರ್ ಮತ್ತು ಅದರ ನೀರಿನ ಮೂಲಕ ಎಂಜಿನ್ನಿಗೆ ದಾರಿ ಹುಡುಕಿಕೊಂಡರೆ ಲೋಹ ಒಳಗಿನಿಂದ ತಿಂದುಹೋಗಿ ರಂಧ್ರ ಬೀಳುತ್ತದೆ. ತಣ್ಣಗಿನ ಎಂಜಿನ್ನಿನಲ್ಲಿ ಮುಚ್ಚಳ ತೆಗೆದು, ಮೀಟರಿನ ನೆಗೆಟಿವ್ ಕಡ್ಡಿಯನ್ನು ಬ್ಯಾಟರಿಯ ನೆಗೆಟಿವಿಗೂ ಪಾಸಿಟಿವ್ ಕಡ್ಡಿಯನ್ನು ಲೋಹಕ್ಕೆ ತಾಗದಂತೆ ನೀರಿಗೂ ಇಟ್ಟು, ಫ್ಯಾನನ್ನು ನೇರವಾಗಿ ಓಡಿಸಿ ನೋಡಬೇಕು. 0.3 ವೋಲ್ಟ್ ದಾಟಿದರೆ ಅರ್ತನ್ನು ಅಂದೇ ಸರಿಪಡಿಸಬೇಕು.

ಫ್ಯೂಸ್ ಹೋಗುವುದು, ರಿಲೇ ಕರಗುವುದು

ಫ್ಯೂಸ್ ಹೋದಾಗ ಹೆಚ್ಚಿನ ಆಂಪಿಯರಿನ ಫ್ಯೂಸ್ ಹಾಕುವುದು, ಅಥವಾ ತಂತಿಯ ಎಳೆಯನ್ನು ಸುತ್ತುವುದು ಗಾಡಿಗೆ ಬೆಂಕಿ ಹಚ್ಚಿದಂತೆ. ಫ್ಯೂಸ್ ಇರುವುದು ಫ್ಯಾನಿಗಾಗಿ ಅಲ್ಲ, ತಂತಿಯನ್ನು ಕಾಯುವುದಕ್ಕೆ. ಅದಕ್ಕೇ ಅದು ಬ್ಯಾಟರಿಗೆ ಆದಷ್ಟು ಹತ್ತಿರ, ಗೇಣುದ್ದದೊಳಗೆ ಇರಬೇಕು. ಫ್ಯಾನಿನ ಓಡುವ ಆಂಪಿಯರಿನ ಒಂದೂವರೆ ಪಟ್ಟಿನ ಆಸುಪಾಸಿನ ಫ್ಯೂಸ್, ಅದಕ್ಕೆ ತಕ್ಕ ದಪ್ಪದ ತಂತಿ ಸಾಮಾನ್ಯವಾಗಿ ಸರಿಹೋಗುತ್ತದೆ. ನಿಂತ ಮೋಟಾರು ಶುರುವಾಗುವ ಕ್ಷಣದಲ್ಲಿ ಓಡುವ ಕರೆಂಟಿನ ಎರಡು ಮೂರು ಪಟ್ಟು ಎಳೆಯುತ್ತದೆ, ಆದರೆ ಬ್ಲೇಡ್ ಫ್ಯೂಸು ಆ ಒಂದು ಕ್ಷಣವನ್ನು ತಾಳಿಕೊಳ್ಳುತ್ತದೆ. ಹೋದ ಫ್ಯೂಸನ್ನು ಕೈಯಲ್ಲಿ ಹಿಡಿದು ನೋಡುವುದೂ ಉಪಯುಕ್ತ. ಒಳಗಿನ ಪಟ್ಟಿ ಚಿಟಿಕೆ ಹೊಡೆದಂತೆ ಕಪ್ಪಾಗಿ ಹಾರಿದ್ದರೆ ಶಾರ್ಟ್. ಪಟ್ಟಿ ಹಾಗೇ ಇದ್ದು ಪ್ಲಾಸ್ಟಿಕ್ ಕಾಲಿನ ಬುಡದಲ್ಲಿ ಕರಗಿದ್ದರೆ ಹೋಲ್ಡರಿನ ಹಿಡಿತ ಸಡಿಲವಾಗಿ ಬಿಸಿಯಾಗಿದೆ.

ರಿಲೇ ಸಾಕೆಟ್ಟಿನಲ್ಲೂ ಇದೇ ಲಕ್ಷಣ. ಸಾಕೆಟ್ಟನ್ನು ತಿರುಗಿಸಿ ನೋಡಿದಾಗ 87 ಅಥವಾ 30ನೇ ಕಾಲಿನ ಸುತ್ತಲಿನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದರೆ ರಿಲೇಯನ್ನು ಮಾತ್ರ ಬದಲಿಸಿ ಪ್ರಯೋಜನವಿಲ್ಲ, ಒಳಗಿನ ಪಿನ್ನು ಬಿಸಿಯಿಂದ ಬಿಗಿ ಕಳೆದುಕೊಂಡಿದೆ. ಪಿನ್ನನ್ನೂ ಸಾಕೆಟ್ಟನ್ನೂ ಬದಲಿಸಿ ಹೊಸದಾಗಿ ಕ್ರಿಂಪ್ ಮಾಡಬೇಕು. ಹಾರ್ನಿಗೆ ಬಳಸುವ ಅಗ್ಗದ ರಿಲೇಯನ್ನು ಫ್ಯಾನಿಗೆ ಹಾಕುವುದು ಇದಕ್ಕೆ ಮುಖ್ಯ ಕಾರಣ. ಹಾರ್ನ್ ಎರಡು ಸೆಕೆಂಡು ಕೂಗುತ್ತದೆ, ಫ್ಯಾನ್ ಅರ್ಧ ಗಂಟೆ ಓಡುತ್ತದೆ. ಎರಡು ಫ್ಯಾನ್ ಇದ್ದರೆ ಎರಡಕ್ಕೂ ಬೇರೆ ಬೇರೆ ರಿಲೇ, ಬೇರೆ ಬೇರೆ ಫ್ಯೂಸ್ ಇರಲೇಬೇಕು. ಒಂದು ಕೈಕೊಟ್ಟರೂ ಇನ್ನೊಂದು ಗಾಡಿಯನ್ನು ಊರಿಗೆ ತಲುಪಿಸುತ್ತದೆ.

ಕೀ ತೆಗೆದ ಮೇಲೂ ಫ್ಯಾನ್ ನಿಲ್ಲದಿದ್ದರೆ ರಿಲೇಯನ್ನು ಎಳೆದು ತೆಗೆಯಬೇಕು. ಆಗ ನಿಂತರೆ, 85 ಮತ್ತು 86ರ ನಡುವೆ ವೋಲ್ಟೇಜ್ ಇದೆಯೇ ಎಂದು ಸಾಕೆಟ್ಟಿನಲ್ಲಿ ನೋಡಬೇಕು. ಇಲ್ಲದಿದ್ದರೆ ರಿಲೇಯ ಕಾಂಟ್ಯಾಕ್ಟು ಬೆಸೆದುಕೊಂಡಿದೆ, ಇದ್ದರೆ ಸ್ವಿಚ್ ಅಂಟಿಕೊಂಡಿದೆ. ಫ್ಯಾನ್ ನಿಮಿಷಕ್ಕೆ ಹಲವು ಸಲ ಆನ್ ಆಫ್ ಆಗುತ್ತಿದ್ದರೆ ಸ್ವಿಚ್ಚಿನ ಆನ್ ಮತ್ತು ಆಫ್ ಬಿಸಿಯ ನಡುವೆ ಅಂತರ ಸಾಲದು ಎಂದರ್ಥ. ಐದು ಡಿಗ್ರಿಯಾದರೂ ಅಂತರವಿರುವ ಸ್ವಿಚ್ ಬೇಕು.

24 ವೋಲ್ಟಿನ ಲಾರಿಗಳಲ್ಲಿ ಆಗುವ ಅನಾಹುತ

ದೊಡ್ಡ ಲಾರಿಗಳಲ್ಲಿ ಎರಡು 12 ವೋಲ್ಟಿನ ಬ್ಯಾಟರಿಗಳು ಸಾಲಾಗಿ ಸೇರಿ 24 ವೋಲ್ಟ್ ಆಗಿರುತ್ತದೆ. ಗುಜರಿಯಲ್ಲಿ ಸುಲಭವಾಗಿ ಸಿಗುವುದು ಕಾರಿನ 12 ವೋಲ್ಟಿನ ಫ್ಯಾನ್. ಆದ್ದರಿಂದ ಎರಡು ಬ್ಯಾಟರಿಗಳ ನಡುವಿನ ಕೊಂಡಿಯಿಂದ 12 ವೋಲ್ಟ್ ಎಳೆದು ಫ್ಯಾನಿಗೆ ಕೊಡುತ್ತಾರೆ. ಫ್ಯಾನ್ ಚೆನ್ನಾಗಿಯೇ ಓಡುತ್ತದೆ, ದೋಷ ಕಾಣುವುದು ಬ್ಯಾಟರಿಯಲ್ಲಿ. ಆಲ್ಟರ್ನೇಟರ್ ಎರಡೂ ಬ್ಯಾಟರಿಗಳಿಗೆ ಒಂದೇ ಕರೆಂಟನ್ನು ಕಳಿಸುತ್ತದೆ, ಆದರೆ ಫ್ಯಾನ್ ಒಂದರಿಂದ ಮಾತ್ರ ಎಳೆಯುತ್ತದೆ. ಎಳೆಸಿಕೊಂಡದ್ದು ಎಂದೂ ಪೂರ್ತಿ ಚಾರ್ಜ್ ಆಗದೆ ಸಾಯುತ್ತದೆ, ಇನ್ನೊಂದು ಅತಿ ಚಾರ್ಜಾಗಿ ನೀರು ಆರುತ್ತದೆ. ಪದೇ ಪದೇ ಒಂದೇ ಬದಿಯ ಬ್ಯಾಟರಿ ಹೋಗುತ್ತಿದೆ ಎಂಬ ದೂರು ಬಂದರೆ, ಎಂಜಿನ್ ಓಡುವಾಗ ಎರಡನ್ನೂ ಬಿಡಿಬಿಡಿಯಾಗಿ ಅಳೆಯಬೇಕು. ಒಂದರ ಮೇಲೆ 13, ಇನ್ನೊಂದರ ಮೇಲೆ 15 ಇದ್ದರೆ ನಡುವಿನಿಂದ ಯಾರೋ ತಂತಿ ಎಳೆದಿದ್ದಾರೆ. ಎರಡು 12 ವೋಲ್ಟಿನ ಫ್ಯಾನುಗಳನ್ನು ಸಾಲಾಗಿ ಸೇರಿಸುವುದನ್ನೂ ನಾನು ಒಪ್ಪುವುದಿಲ್ಲ. ಎರಡರಲ್ಲಿ ಒಂದರ ಬುಷ್ ಬಿಗಿಯಾದರೆ ವೋಲ್ಟೇಜ್ ಹಂಚಿಕೆ ಕೆಡುತ್ತದೆ, ಒಂದು ಕಡಿದರೆ ಎರಡೂ ನಿಲ್ಲುತ್ತವೆ. 24 ವೋಲ್ಟಿನ ಗಾಡಿಗೆ 24 ವೋಲ್ಟಿನ ಫ್ಯಾನ್, 24 ವೋಲ್ಟಿನ ರಿಲೇ ಬೇಕು.

ಹೊಸದಾಗಿ ಆರಿಸುವಾಗ, ವೈರಿಂಗ್ ಮಾಡುವಾಗ

ಮೊದಲು ಗಾಡಿ ಫ್ಯಾನನ್ನು ಸಾಕಬಲ್ಲದೇ ಎಂದು ನೋಡಬೇಕು. ಹಳೆಯ ಪಿಕಪ್‌ಗಳ ಆಲ್ಟರ್ನೇಟರುಗಳಲ್ಲಿ ಹಲವು 35ರಿಂದ 45 ಆಂಪಿಯರಿನವು, ಐಡಲ್‌ನಲ್ಲಿ (ಗಾಡಿ ನಿಂತು ಎಂಜಿನ್ ಮೆಲ್ಲಗೆ ಓಡುವಾಗ) ಅವು ಅದರ ಅರ್ಧವನ್ನೂ ಕೊಡದಿರಬಹುದು. ಹದಿನಾರು ಇಂಚಿನ ಒಂದು ಫ್ಯಾನ್ 15ರಿಂದ 25 ಆಂಪಿಯರ್ ಎಳೆಯುತ್ತದೆ. ಎರಡು ಹೆಡ್‌ಲೈಟುಗಳಿಗೆ ಹತ್ತು ಆಂಪಿಯರ್ ಸೇರಿಸಿದರೆ ರಾತ್ರಿ ಮಂಡಿಯ ಸಾಲಿನಲ್ಲಿ ನಿಂತ ಗಾಡಿಯ ಬ್ಯಾಟರಿ ಖಾಲಿಯಾಗುತ್ತಲೇ ಹೋಗುತ್ತದೆ. ಲೈಟು, ಫ್ಯಾನ್ ಎರಡನ್ನೂ ಹಾಕಿ ಐಡಲ್‌ನಲ್ಲಿ ಬ್ಯಾಟರಿಯನ್ನು ಅಳೆದಾಗ 13 ವೋಲ್ಟಿಗಿಂತ ಮೇಲಿದ್ದರೆ ಚಿಂತೆಯಿಲ್ಲ, 12.6ರ ಕೆಳಗೆ ಇಳಿದರೆ ಆಲ್ಟರ್ನೇಟರಿನ ಕಥೆಯನ್ನು ಮೊದಲು ಮುಗಿಸಬೇಕು.

ಫ್ಯಾನ್ ಪೆಟ್ಟಿಗೆಯ ಮೇಲೆ ಬರೆದ ಗಾಳಿಯ ಅಂಕಿಯನ್ನು ನಂಬಿ ಆರಿಸಬಾರದು, ಏಕೆಂದರೆ ಆ ಅಂಕಿ ಬಹುತೇಕ ಎದುರಿಗೆ ಯಾವ ಅಡ್ಡಿಯೂ ಇಲ್ಲದೆ ಅಳೆದದ್ದು. ಎಳೆಯುವ ಆಂಪಿಯರನ್ನು ನೋಡುವುದೇ ಹೆಚ್ಚು ಪ್ರಾಮಾಣಿಕ ಅಳತೆ: ಏಳೆಂಟು ಆಂಪಿಯರಿನ ಫ್ಯಾನ್ ಎಷ್ಟು ದೊಡ್ಡದಾಗಿ ಕಂಡರೂ ಲೋಡು ಹೊರುವ ಡೀಸೆಲ್ ಎಂಜಿನ್ನಿಗೆ ಸಾಲದು. ಜಾಲರಿಯ ಮುಕ್ಕಾಲು ಭಾಗವನ್ನಾದರೂ ಮುಚ್ಚುವ ಕವಚ ಇರಬೇಕು. ಕವಚವಿಲ್ಲದೆ ಜಾಲರಿಗೆ ಪ್ಲಾಸ್ಟಿಕ್ ಟೈಗಳಿಂದ ಚುಚ್ಚಿ ಕಟ್ಟಿದ ಫ್ಯಾನ್ ತನ್ನ ದುಂಡಗಿನ ಅಗಲದಷ್ಟರಿಂದ ಮಾತ್ರ ಗಾಳಿ ಎಳೆಯುತ್ತದೆ, ಮೇಲಾಗಿ ಅದುರಿ ಅದುರಿ ಕೊಳವೆಗಳನ್ನೇ ತೂತು ಮಾಡುತ್ತದೆ. ಫ್ಯಾನ್ ಮೋಟಾರಿನ ಬೆನ್ನಿಗೂ ವಾಟರ್ ಪಂಪಿನ ಪುಲ್ಲಿಗೂ ನಡುವೆ ಎರಡೂವರೆ ಸೆಂಟಿಮೀಟರಾದರೂ ಜಾಗ ಉಳಿಯಬೇಕು, ಏಕೆಂದರೆ ಮೌಂಟಿಂಗ್ ರಬ್ಬರ್ ಸವೆದ ಎಂಜಿನ್ ಬ್ರೇಕ್ ಹಾಕಿದಾಗ ಮುಂದಕ್ಕೆ ಬಾಗುತ್ತದೆ.

ತಂತಿಯ ದಪ್ಪವನ್ನು ಕಣ್ಣಂದಾಜಿನಲ್ಲಿ ನಿರ್ಧರಿಸುವ ಅಗತ್ಯವಿಲ್ಲ. ಹೋಗುವ ಮತ್ತು ಬರುವ ತಂತಿಯ ಒಟ್ಟು ಉದ್ದವನ್ನು ಮೀಟರಿನಲ್ಲಿ ತೆಗೆದುಕೊಂಡು, ಆಂಪಿಯರಿನಿಂದ ಗುಣಿಸಿ, 0.0175ರಿಂದ ಗುಣಿಸಿ, ತಂತಿಯ ಚದರ ಮಿಲಿಮೀಟರಿನಿಂದ ಭಾಗಿಸಿದರೆ ಇಳಿತ ಸಿಗುತ್ತದೆ. ಒಟ್ಟು 5 ಮೀಟರ್, 25 ಆಂಪಿಯರ್ ಎಂದರೆ 2.5ರ ತಂತಿಯಲ್ಲಿ 0.87 ವೋಲ್ಟ್, 4ರ ತಂತಿಯಲ್ಲಿ 0.55, 6ರಲ್ಲಿ 0.36. ಈ ಲೆಕ್ಕ ಶುದ್ಧ ತಾಮ್ರಕ್ಕೆ. ಅಲ್ಯೂಮಿನಿಯಂ ಮೇಲೆ ತಾಮ್ರ ಸವರಿದ ಅಗ್ಗದ ತಂತಿಯಲ್ಲಿ ಇಳಿತ ಸುಮಾರು ಒಂದೂವರೆ ಪಟ್ಟಿಗೂ ಹೆಚ್ಚು. ಎಳೆಯೊಂದನ್ನು ಬ್ಲೇಡಿನಿಂದ ಕೆರೆದಾಗ ಒಳಗೆ ಬೆಳ್ಳಗೆ ಕಂಡರೆ ಅಂಥದನ್ನು ಹಿಂದಿರುಗಿಸಬೇಕು. ಮನೆ ವೈರಿಂಗಿನ ತಂತಿಯೂ ಬೇಡ, ಅದರ ಒರಟು ಎಳೆಗಳು ಗಾಡಿಯ ಅದುರುವಿಕೆಗೆ ಲಗ್ಗಿನ ಬುಡದಲ್ಲಿ ಒಂದೊಂದಾಗಿ ಮುರಿಯುತ್ತವೆ.

ಜೋಡಣೆ ಹೀಗಿರಬೇಕು: ಬ್ಯಾಟರಿ ಪಾಸಿಟಿವಿನಿಂದ ಫ್ಯೂಸಿಗೆ, ಫ್ಯೂಸಿನಿಂದ ರಿಲೇಯ 30ಕ್ಕೆ, 87ರಿಂದ ಫ್ಯಾನಿಗೆ, ಫ್ಯಾನಿನ ನೆಗೆಟಿವ್ ಬ್ಯಾಟರಿ ನೆಗೆಟಿವಿಗೆ. ಕೀ ಆನ್ ಆದಾಗ ಬರುವ ಸಣ್ಣ ಫ್ಯೂಸಿನ ತಂತಿ 86ಕ್ಕೆ, 85ರಿಂದ ಥರ್ಮೋ ಸ್ವಿಚ್ಚಿಗೆ. ಥರ್ಮೋಸ್ಟಾಟ್ 82 ಡಿಗ್ರಿಗೆ ತೆರೆಯಲು ಶುರುವಾಗುವ ಎಂಜಿನ್ನಿಗೆ ಮೇಲಿನ ಹೋಸಿನ ಬಳಿ 92 ಡಿಗ್ರಿಗೆ ಆನ್, 87ಕ್ಕೆ ಆಫ್ ಆಗುವ ಸ್ವಿಚ್ ಹೊಂದುತ್ತದೆ. 80ಕ್ಕೆ ಆನ್ ಆಗುವ ಸ್ವಿಚ್ ಹಾಕಿದರೆ ಫ್ಯಾನ್ ದಿನವಿಡೀ ನಿಲ್ಲುವುದೇ ಇಲ್ಲ. ಚಾಲಕನ ಕೈಗೆ ಸಿಗುವ ಒಂದು ಸ್ವಿಚ್ಚನ್ನು ಥರ್ಮೋ ಸ್ವಿಚ್ಚಿಗೆ ಸಮಾನಾಂತರವಾಗಿ ಕೊಡುವುದು ಒಳ್ಳೆಯದು, ಅದರ ಬದಲಿಗೆ ಕೊಡುವುದು ಅಪಾಯ; ಜನ ಮರೆಯುತ್ತಾರೆ.

ಕೊನೆಗೆ ದೊಡ್ಡ ಲಾರಿಗಳ ವಿಷಯದಲ್ಲಿ ನನ್ನ ನಿಲುವನ್ನು ಸ್ಪಷ್ಟವಾಗಿ ಹೇಳಬೇಕು. 13.5 ವೋಲ್ಟಿನಲ್ಲಿ 20 ಆಂಪಿಯರ್ ಎಂದರೆ 270 ವ್ಯಾಟ್. ಆರು ಸಿಲಿಂಡರಿನ ಲಾರಿಯ ಬೆಲ್ಟ್ ಫ್ಯಾನ್ ಪೂರ್ತಿ ವೇಗದಲ್ಲಿ ಎಂಜಿನ್ನಿನಿಂದ ತೆಗೆದುಕೊಳ್ಳುವ ಶಕ್ತಿ ಅದರ ಹಲವು ಪಟ್ಟು. ಚಿಕ್ಕಬಳ್ಳಾಪುರದ ಕಡೆ ಕಲ್ಲು, ಜಲ್ಲಿ ಹೊರುವ ಲಾರಿಯಲ್ಲಿ ಡೀಸೆಲ್ ಉಳಿಯುತ್ತದೆಂದು ಬೆಲ್ಟ್ ಫ್ಯಾನನ್ನು ಕಿತ್ತು ಕಾರಿನ ಎರಡು ಫ್ಯಾನುಗಳನ್ನು ಕೂರಿಸಿದರೆ, ಚಪ್ಪಟೆ ರಸ್ತೆಯಲ್ಲಿ ಏನೂ ಆಗದೆ, ಮೊದಲ ಉದ್ದನೆಯ ಏರಿನಲ್ಲಿ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಅಂಥ ಲಾರಿಯಲ್ಲಿ ಬೆಲ್ಟ್ ಫ್ಯಾನ್ ಇರಲೇಬೇಕು. ಅದಕ್ಕೆ ವಿಸ್ಕಸ್ ಕ್ಲಚ್ (ಬಿಸಿಯಾದಾಗ ಮಾತ್ರ ಫ್ಯಾನನ್ನು ಬಿಗಿಯಾಗಿ ಹಿಡಿದು ತಿರುಗಿಸುವ, ದಪ್ಪ ಎಣ್ಣೆ ತುಂಬಿದ ಕ್ಲಚ್) ಇದ್ದರೆ, ಬಿಸಿ ಎಂಜಿನ್ನನ್ನು ನಿಲ್ಲಿಸಿದ ಕೂಡಲೇ ಬ್ಯಾಟರಿ ನೆಗೆಟಿವ್ ಬಿಚ್ಚಿ ಕೈಯಿಂದ ತಿರುಗಿಸಿ ನೋಡಿ, ಅಡ್ಡಿಯಿಲ್ಲದೆ ಗಿರ್ರನೆ ತಿರುಗಿದರೆ ಕ್ಲಚ್ಚನ್ನು ಬದಲಿಸಬೇಕು. ಎಲೆಕ್ಟ್ರಿಕ್ ಫ್ಯಾನಿಗಾಗಿ ಹುಡುಕುವ ಅಗತ್ಯವೇ ಅಲ್ಲಿಗೆ ಮುಗಿಯಬಹುದು.

ಕೆಲಸ ಮುಗಿದ ದಿನ ಫ್ಯಾನನ್ನು ಇಪ್ಪತ್ತು ನಿಮಿಷ ಸತತವಾಗಿ ಓಡಿಸಿ, ನಿಲ್ಲಿಸಿದ ತಕ್ಷಣ ಫ್ಯೂಸ್ ಹೋಲ್ಡರ್, ರಿಲೇ ಸಾಕೆಟ್, ಪ್ರತಿಯೊಂದು ಲಗ್ಗನ್ನು ಬೆರಳಿನಿಂದ ಮುಟ್ಟಿ ನೋಡಬೇಕು. ಉಗುರುಬೆಚ್ಚಗಿದ್ದರೆ ಸರಿ, ಬೆರಳು ಇಡಲಾಗದಷ್ಟು ಸುಡುವ ಜೋಡಣೆಯನ್ನು ಗಾಡಿ ಹೊರಡುವ ಮೊದಲೇ ಬಿಚ್ಚಿ ಮತ್ತೆ ಮಾಡಬೇಕು. ಒಂದು ತಿಂಗಳು ಓಡಿದ ಮೇಲೆ ಬೋಲ್ಟುಗಳನ್ನು ಮರಳಿ ಬಿಗಿದು, ಮೋಟಾರಿನ ತುದಿಯ ವೋಲ್ಟೇಜನ್ನು ಇನ್ನೊಮ್ಮೆ ಅಳೆದು, ಮೊದಲ ದಿನದ ಅಂಕಿಯ ಪಕ್ಕದಲ್ಲಿ ಬರೆದಿಡಬೇಕು.